ಕಪ್ಪು ಒಂದು

ಮೂವತ್ತೊಂದು ವರ್ಷ ಬೈತಕೋಲ ಬಂದರಿನಲ್ಲಿ
ನೀರಿನ ಏರಿಳಿತ ಬರೆದವನು ನಾನು.
ನೀಲಿ ರಟ್ಟಿನ ಪುಸ್ತಕ. ಗಂಟೆ, ಮೀಟರು, ಸಹಿ.
ಹಾಗಾಗಿ ಹೇಳಬಲ್ಲೆ,
ಇಳಿಯುವುದಕ್ಕೂ ಒಂದು ವೇಳಾಪಟ್ಟಿಯಿದೆ
ಅದರಲ್ಲಿ ಅವಮಾನ ಎಂಬ ಕಾಲಂ ಇಲ್ಲ.

ಮಂದಾ ಬಾಂದೇಕರಳಿಗೆ ಇದನ್ನು ಹೇಳಿದರೆ
‘ನಿನ್ನ ಸಮುದ್ರಕ್ಕೆ ಗಂಟ್ಲು ಅದ್ಯಾ?’ ಎನ್ನುತ್ತಾಳೆ.

ಅವಳ ಹಾಡು ಮೊದಲು ಬಿಳಿ ಮೂರರಲ್ಲಿತ್ತು.
ಅಂಚೆ ಕಚೇರಿಯ ಜಾಲರಿಯ ಹಿಂದೆ ಕೂತು
ಮನಿಯಾರ್ಡರಿನ ಮೇಲೆ ಮೊಹರು ಕುಟ್ಟುತ್ತ ಕಟ್ಟಿದ್ದು,
ತಾಳ ಈಗಲೂ ಅದೇ:
ಮಸಿಗೊಂದು ಪೆಟ್ಟು, ಕಾಗದಕ್ಕೊಂದು.
ಐವತ್ತೈದು ತುಂಬಿದಾಗ ಕಪ್ಪು ಎರಡಕ್ಕೆ ಬಂತು.
ಕೊರೊನಾ ಕಳೆದ ಮರುವರ್ಷ ಬಿಳಿ ಎರಡಕ್ಕೆ.
ಮೊನ್ನೆ ಗುರುವಾರ, ಯಾರ ಮುಖವನ್ನೂ ನೋಡದೆ,
‘ಇನ್ನೂ ಅರ್ಧ’ ಎಂದಳು.

ನನ್ನ ಬೇಸಿನ ದಪ್ಪ ತಂತಿ ಇನ್ನೆಷ್ಟು ಸಡಿಲಾಗಬೇಕು,
ಮೆಟ್ಟಿಲಿಗೆ ತಾಗಿ ಕರಕರ ಅನ್ನುತ್ತದೆ
ವಿಠೋಬ ತಾಂಡೇಲನ ಮೊಣಕಾಲಿನ ಹಾಗೆ.

ನಮ್ಮ ಬ್ಯಾಂಡಿನ ಹೆಸರು ತಾರ್ಲೆ.
ಅಗ್ಗದ ಮೀನು, ಮುಳ್ಳು ಬಹಳ,
ಕೈ ತೊಳೆದ ಮೇಲೂ ವಾಸನೆ ಉಳಿಯುತ್ತದೆ.
ಬಾಗಿಲು ಹಾಕಿದ ಐಸ್ ಫ್ಯಾಕ್ಟರಿಯಲ್ಲಿ ನಮ್ಮ ತಾಲೀಮು,
ಬೀಗದ ಕೈ ವಿಠೋಬನ ಭಾವನದು.
ಗೋಡೆಯಲ್ಲಿ ಇನ್ನೂ ಅಮೋನಿಯ.
ಜೋರಾಗಿ ಉಸಿರೆಳೆದರೆ ಕಣ್ಣಲ್ಲಿ ನೀರು,
ನೋಡಿದವರು ಭಾವುಕರಾಗಿದ್ದಾರೆ ಅಂದುಕೊಳ್ಳುತ್ತಾರೆ.

ಮದುವೆಗೆ ಕರೆದವರು ಪಟ್ಟಿ ಕೊಡುತ್ತಾರೆ.
ಎಲ್ಲ ಬೇರೆಯವರ ಹಾಡು.
ಇನಾಸ ಕುಲಾಸೊ ಅದನ್ನು ಓದಿ, ಮಡಿಸಿ, ಕಿಸೆಗಿಟ್ಟು
ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕತ್ತರಿಸಿದ ತ್ರಿಕೋನದಲ್ಲಿ
ನಮ್ಮದನ್ನೇ ಮೀಟತೊಡಗುತ್ತಾನೆ.
ಹೀಗೆ ಎಷ್ಟು ಅಡ್ವಾನ್ಸು ವಾಪಸು ಕೊಟ್ಟಿದ್ದೇವೋ.

ಹದಿನಾಲ್ಕು ಹಾಡು ನಮ್ಮವು.
ಪ್ರೇಮದ್ದು ಒಂದೇ, ಅದೂ ಇನಾಸನದು,
ಅದರಲ್ಲೂ ಅರ್ಧ ಹಡಗಿನ ಅಡುಗೆಮನೆ.
ಒಂದು ವಿಠೋಬನ ಬಾವಿಯ ಮೇಲೆ.
ಅವನ ಊರು ಈಗ ನೌಕಾನೆಲೆಯ ಗೋಡೆಯಾಚೆ,
ಬಾವಿ ಇದೆಯೋ ಮುಚ್ಚಿದರೋ ತಿಳಿಯದು,
ಪಾಸಿಲ್ಲದೆ ಕೊಡಪಾನ ಒಳಗೆ ಹೋಗದು.
ಆ ಹಾಡಿನಲ್ಲಿ ಡ್ರಮ್ಮು ಎಂಟು ಮಾತ್ರೆ ಸುಮ್ಮನಿರುತ್ತದೆ,
ಹಗ್ಗ ಬಿಟ್ಟು ನೀರು ತಾಗುವವರೆಗೆ.
ಕೋಡಿಬಾಗದ ಮೈದಾನದಲ್ಲಿ ಆ ಎಂಟರೊಳಗೇ
ಯಾರೋ ಚಪ್ಪಾಳೆ ತಟ್ಟಿಬಿಟ್ಟರು, ಮುಗಿಯಿತೆಂದು.
ವಿಠೋಬನಿಗೆ ಆ ಕಡೆಯ ಕಿವಿ ಕೇಳುವುದಿಲ್ಲ,
ಟ್ರಾಲರ್ ಎಂಜಿನ್ನಿಗೆ ಕೊಟ್ಟ ಕಿವಿ,
ಎಣಿಸುತ್ತಲೇ ಇದ್ದ.

ಮೊನ್ನೆಯ ಮಾತಿಗೆ ಬರುತ್ತೇನೆ.

ಕಿವಿ ತಿರುವಿ ತಂತಿ ಸಡಿಲಿಸಿ
ಕಪ್ಪು ಒಂದರ ಮೊದಲ ಸ್ವರ ಬಿಟ್ಟದ್ದೇ ತಡ,
ಮಾಡಿನ ತಗಡು ಗುಂಯ್ ಅಂದಿತು.
ನಿಲ್ಲಿಸಿದೆ. ನಿಂತಿತು.
ಮತ್ತೆ ಮೀಟಿದೆ. ಮತ್ತೆ, ಅದೇ ಮೂಲೆಯಿಂದ,
ಇಷ್ಟು ದಿನ ಇದಕ್ಕೇ ಕಾದಿದ್ದವರ ಹಾಗೆ.
‘ಬೋಟು ಬಂತಾ?’ ಎಂದ ವಿಠೋಬ.
ಇನಾಸ ಏಣಿ ಹುಡುಕಿ ಮೊಳೆ ಸುತ್ತಿಗೆ ಹಿಡಿದು
ನಾಲ್ಕು ಮೆಟ್ಟಿಲು ಹತ್ತಿದ್ದ ಕೂಡ.

ಮಂದಾ ಕತ್ತೆತ್ತಿ ನೋಡುತ್ತಿದ್ದಳು.
‘ಇಳಿ’ ಎಂದಳು ಅವನಿಗೆ.
ಕಣ್ಣು ಮುಚ್ಚದೆ, ಕುತ್ತಿಗೆಯ ನರ ಎದ್ದೇಳದೆ,
ಮೊಹರಿಲ್ಲದ ಕೈಯಲ್ಲಿ ತೊಡೆಗೆರಡು ಪೆಟ್ಟು ಕೊಟ್ಟು
ಹಾಡಿದಳು.
ಬಿಳಿ ಮೂರರ ದಿನಗಳಲ್ಲಿ ಈ ಕಟ್ಟಡ
ನಮ್ಮ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಹೊರಗೆ ಬಲೆ ಹೊಲಿಯುತ್ತಿದ್ದ ಹುಡುಗ ಇಣುಕಿದ:
‘ಯಾವ ಪಿಚ್ಚರಿಂದು?’
‘ಇಲ್ಲೀದೇ’ ಎಂದ ಇನಾಸ, ಏಣಿಯ ಕೆಳಗಿನಿಂದ.

ಮನೆಗೆ ಬಂದು, ಹಳೆ ಚಟ, ಬರೆದಿಟ್ಟೆ:
ಸಂಜೆ ಆರು ನಲವತ್ತು. ಕಪ್ಪು ಒಂದು. ತಗಡು ಸಮೇತ.
ಸಹಿ ಮಾಡುವಾಗ ಯೋಚನೆ ಬಂತು,
ಅವಳು ಬಿಳಿ ಒಂದಕ್ಕೆ ಇಳಿದ ದಿನ
ಅಲ್ಲಿ ಯಾವುದು ಗುಂಯ್ಗುಟ್ಟೀತು?
ನನ್ನ ಅನುಮಾನ
ಒಣಗಿ ಬಿದ್ದಿರುವ ಉಪ್ಪುನೀರಿನ ತೊಟ್ಟಿಯ ಮೇಲೆ.