ಯು ಆದಮೇಲೆ ಎಚ್

ಟಯರಿನ ಪಕ್ಕೆಯಲ್ಲಿ ಒಂದು ಅಕ್ಷರವಿರುತ್ತದೆ,
ಅಂಕಿಗಳ ಸಾಲು ಮುಗಿದ ಮೇಲೆ, ತುದಿಗೆ,
ಕಿರುಬೆರಳ ಉಗುರಿನಷ್ಟು.
ಕೆಸರು ಒರೆಸಿ ಟಾರ್ಚು ಹಿಡಿದು ಓದಬೇಕು.
ಎಸ್ ಎಂದರೆ ನೂರ ಎಂಬತ್ತು. ಟಿ, ನೂರ ತೊಂಬತ್ತು.
ಯು, ಇನ್ನೂರು.
ಯು ಆದಮೇಲೆ ವಿ ಬರಬೇಕಲ್ಲ, ಬರುವುದಿಲ್ಲ.
ನಡುವೆ ಎಚ್ ಬಂದು ಕೂತಿದೆ: ಇನ್ನೂರ ಹತ್ತು.
ಯಾರು ಕೂರಿಸಿದರೋ, ಯಾಕೋ,
ಗೋಣಿಕೊಪ್ಪದಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ.
ಏಳನೇ ಕ್ಲಾಸಿನ ಎರಡನೇ ವರ್ಷ
ತಮ್ಮನ ಓರಗೆಯವರ ಬೆಂಚಿನಲ್ಲಿ
ಮೊಣಕಾಲು ಮಡಚಿ ಕೂತವನು ನಾನು.
ಆ ಎಚ್ ಮೇಲೆ ನನಗೆ ಸ್ವಲ್ಪ ಕನಿಕರ.

ಚೋಂದಮ್ಮನವರ ಕಾರು ಅಂಗಡಿಗೆ ಬಂದದ್ದು
ಕರಿಮೆಣಸು ಕೊಯ್ಯುವ ವಾರ.
ಕೋಬೆಯಲ್ಲಿ ಹಡಗು ಹತ್ತಿ,
ಬಿಡದಿಯಲ್ಲೊಬ್ಬ ಎಂಜಿನಿಯರನ ಹತ್ತಿರ ನಾಲ್ಕು ವರ್ಷವಿದ್ದು,
ಅವನು ಊರಿಗೆ ಮರಳುವಾಗ ಇವರಿಗೆ ದಾಟಿದ ಕಾರು.
ಬಾಗಿಲು ತೆಗೆದರೆ ಕಂಬದ ಮೇಲೊಂದು ಚೀಟಿ,
ಅದರ ತುಂಬ ಜಪಾನಿ,
ಗುಬ್ಬಿ ಗೂಡಿಗೆಂದು ತಂದು ಸುರಿದ ಕಡ್ಡಿಗಳು.
ಅವುಗಳ ನಡುವೆ, ನಮ್ಮಂಥವರಿಗೂ ಸಿಗಲಿ ಎಂಬಂತೆ,
ಒಂದು ಎಂಬತ್ತಾರು, ಒಂದು ಎಚ್.

ನಾಲ್ಕು ಚಕ್ರದಲ್ಲೂ ಇದ್ದದ್ದು ಟಿ.
ಮಡಿಕೇರಿಯ ಇನ್ಸ್‌ಪೆಕ್ಟರು ಪ್ಯಾಂಟಿನ ಗೆರೆ ಲೆಕ್ಕಿಸದೆ
ನೆಲಕ್ಕೆ ಮೊಣಕಾಲೂರಿ ಓದಿದರಂತೆ.
"ಆಗೋದಿಲ್ಲಮ್ಮ. ಚೀಟಿಯಲ್ಲಿ ಎಚ್ ಇದ್ದ ಮೇಲೆ
ನೆಲದ ಮೇಲೂ ಎಚ್ ಇರಬೇಕು."
"ನೂರ ತೊಂಬತ್ತು ಹೊಡೆಯೋ ರಸ್ತೆ ಈ ಜಿಲ್ಲೆಯಲ್ಲಿ ಎಲ್ಲಿದೆ,
ತೋರಿಸಿ ಸ್ವಾಮಿ, ಈಗಲೇ ಹೋಗಿ ಬರ್ತೇನೆ."
"ನೀವು ಎಷ್ಟರಲ್ಲಿ ಹೋಗ್ತೀರಿ ಅಂತ ಕಾನೂನು ಕೇಳೋದಿಲ್ಲ.
ಕಾರು ಎಷ್ಟರಲ್ಲಿ ಹೋಗಬಲ್ಲದು, ಅದನ್ನ ಕೇಳುತ್ತೆ."

ಇದನ್ನು ಅವರು ನನಗೆ ಎರಡು ಸಲ ಹೇಳಿದರು,
ಹಳೇ ಲಾರಿ ಟಯರಿನ ಮೇಲೆ ಕೂತು.
ಮೊದಲ ಸಲ ಸಿಟ್ಟಿನಲ್ಲಿ.
ಎರಡನೇ ಸಲ ಬಹಳ ನಿಧಾನ, ಕಾಫಿ ಆರಿಸುತ್ತಾ.

ಹಿಂದೆ ಅವರು ರ‍್ಯಾಲಿ ಕಾರಿನ ಎಡಗಡೆ ಸೀಟು. ಏಳು ವರ್ಷ.
ಮಡಿಲಲ್ಲಿ ನೋಟ್‌ಬುಕ್ಕು, ಧೂಳು ನುಂಗಿದ ಗಂಟಲು:
ಎಡ ಮೂರು, ದಿಣ್ಣೆ, ಬಲ ಎರಡು, ಕಡಿಯಬೇಡ.
ಸ್ಟಿಯರಿಂಗು ಭಾವನ ಕೈಯಲ್ಲಿ,
ಕಪ್ಪುಗಳ ಮೇಲಿನ ಹೆಸರೂ ಅವರದೇ.

ಎಚ್ ಟಯರು ಮೈಸೂರಿನಿಂದ ಬಸ್ಸಿನ ಟಾಪಿನಲ್ಲಿ ಬಂದವು.
ಟಿ ಹಾಕಿದ್ದರೆ ಆರು ಸಾವಿರ ಉಳಿಯುತ್ತಿತ್ತು; ಹೇಳಿದೆ.
"ಹಾಕೋ ಸೂಫಿ" ಅಂದರು.
ಜಬ್ಬಾರ ಸೀಸದ ತುಂಡು ಬಡಿದು ಬಡಿದು ತೂಕ ಕೂಡಿಸಿದ.
ಹೊಸ ರಬ್ಬರಿನ ಮೈತುಂಬ ಕೂದಲಿನಂಥ ಮುಳ್ಳು.

ಓಡಿಸಿ ನೋಡಲು ತಿತಿಮತಿ ಕಡೆ ಹೊರಟೆವು,
ಬಲಕ್ಕೆ ಅವರು, ಎಡಕ್ಕೆ ನಾನು.
"ಓದು" ಅಂದರು.
"ಏನನ್ನ?"
"ದಾರಿನ."
ಮೊದಲ ತಿರುವಿಗೆ "ಎಡ" ಅಂದೆ, ಎಷ್ಟೆಂದು ಹೊಳೆಯಲಿಲ್ಲ.
ಎರಡನೆಯದು ನಾನು ಬಾಯಿ ತೆರೆಯುವುದರೊಳಗೆ ಹಿಂದಿತ್ತು.
ಮುಳ್ಳು ಎಪ್ಪತ್ತು ದಾಟಿತು. ಎಂಬತ್ತು.
ನಾನು ಬಾಗಿಲ ಹಿಡಿ ಹಿಡಿದೆ,
ಅವರು ನಕ್ಕರೋ ಕೆಮ್ಮಿದರೋ,

ಬಿದಿರ ಮೆಳೆ ಕದಲಿತು.
ಬ್ರೇಕು. ಕಾರು ಗೆರೆ ಎಳೆದಂತೆ ನಿಂತಿತು.
ಒಂದು ಹೆಣ್ಣಾನೆ, ಅದರ ಹೊಟ್ಟೆಯಡಿ ಮರಿ, ಹಿಂದೆ ಇನ್ನೆರಡು,
ಯಾವ ಕಾಗದವೂ ಇಲ್ಲದೆ ರಸ್ತೆಗೆ ಬಂದವು.
ಚೋಂದಮ್ಮ ಎಂಜಿನು ಆರಿಸಿದರು,
ಬೆರಳನ್ನು ತುಟಿಗೆ ಒತ್ತಿಕೊಂಡರು.
ಬಿಸಿ ರಬ್ಬರಿನ ವಾಸನೆ, ಲದ್ದಿಯ ವಾಸನೆ.
ಮರಿ ಡಾಂಬರನ್ನು ಸೊಂಡಿಲಿನಿಂದ ಮುಟ್ಟಿ ಮುಟ್ಟಿ ನೋಡುತ್ತಿತ್ತು,
ಅವಸರವೇ ಇಲ್ಲ.
ಅದು ದಾಟಿ ಮುಗಿಸುವವರೆಗೆ
ಗಂಟೆಗೆ ಇನ್ನೂರ ಹತ್ತು ಕಿಲೋಮೀಟರು
ನಾಲ್ಕು ಚಕ್ರದ ಮೇಲೆ
ಸುಮ್ಮನೆ ನಿಂತಿತ್ತು.