ಹನ್ನೆರಡು ಚೀಟಿ ಉಳಿದವು

ರಾಜಧಾನಿಯಿಂದ ಬಂದ ಲಕೋಟೆಯಲ್ಲಿ
ಎಣಿಸಿ ಕಳಿಸಿದ ಮುನ್ನೂರು ಚೀಟಿ.
ಓರೆ ಹಿಡಿದರೆ ಮಿನುಗುತ್ತವೆ
ಮೀನಿನ ಹೊಟ್ಟೆಯ ಹಾಗೆ.
ಒಂದೊಂದಕ್ಕೂ ಒಂದು ಅಂಕಿ, ಒಂದು ಗುಡ್ಡದ ಹೆಸರು.
ನಮ್ಮದೇ ಗುಡ್ಡ, ಕಾಗುಣಿತ ಮಾತ್ರ ತಪ್ಪು.

ಅಂಟಿಸುವುದು ನನ್ನ ಕೆಲಸ.
ಅಪ್ಪ ನಸಾರಿಯೊ ಭಟ್ಟಿಯ ಮುಂದೆ ಕೂತು
ಜೊಂಡಿನ ಕೊಳವೆಯಲ್ಲಿ ಹೀರಿ, ಸೋರೆಬುರುಡೆಗೆ ಬಿಟ್ಟು
ಮುತ್ತು ಕಟ್ಟುತ್ತದೆಯೇ, ಕಟ್ಟಿದ್ದು ನಿಲ್ಲುತ್ತದೆಯೇ, ನೋಡುತ್ತಾನೆ.
ಮೊದಲ ಹನಿ ನೆಲಕ್ಕೆ, ಆಮೇಲೆ ನಾಲಿಗೆಗೆ.
ನೆಲ ಕುಡಿದದ್ದಕ್ಕೆ ಚೀಟಿ ಬೇಡ.

ಹೊಳೆಯ ಆಚೆ ದಡದಲ್ಲಿ ಅತ್ತೆ ಹೆರ್ಮೆಲಿಂಡಾ.
ಅದೇ ಗಿಡ, ಅದೇ ಹೊಗೆ,
ನಮ್ಮ ಗಾಣದ ಕುದುರೆಯ ತಂಗಿಯೇ ಅವಳ ಗಾಣಕ್ಕೆ.
ನಕಾಶೆಯ ಗೆರೆ ನೀರಿನ ನಡುವೆ ಹರಿದದ್ದರಿಂದ
ಅವಳದನ್ನು ಮೆಸ್ಕಾಲ್ ಅನ್ನುವ ಹಾಗಿಲ್ಲ.
'ಕತ್ತಾಳೆ ಸಾರ' ಎಂದು ಬರೆದು, ಅರ್ಧ ಬೆಲೆಗೆ ಮಾರಿ
ಭಾನುವಾರ ನಮ್ಮ ಮನೆಗೆ ಬಂದು
ನನ್ನ ಚೀಟಿ ಬೆಳಕಿಗೆ ಹಿಡಿದು ನಗುತ್ತಾಳೆ:
"ಹೊಳೆ ದಾಟುವಾಗ ಕಾಲಿಗೇನೂ ಗೆರೆ ತೊಡರಲಿಲ್ಲವಲ್ಲೇ, ಒತಿಲಿಯಾ."

ಹೆಸರು ಸಿಕ್ಕ ವರ್ಷ ಪಟಾಕಿ ಹೊಡೆದೆವು.
ಮರುವರ್ಷ ಲಾರಿಗಳು ಬಂದವು.
ಅದರ ಮರುವರ್ಷಕ್ಕೆ ಪಡುವಣ ಗುಡ್ಡ
ಸಿಡುಬು ಬಂದು ಹೋದ ಮುಖ:
ಗಡ್ಡೆ ಕಿತ್ತಲ್ಲೆಲ್ಲ ಕುಳಿ.
ಓಕ್ ಮರಗಳು ಗುಂಡಿಯೊಲೆಗೆ ಇಳಿದವು.
ಭಟ್ಟಿಯ ಗಸಿ, ಕಂದು, ಇನ್ನೂ ಬಿಸಿ, ಹೊಳೆಗೆ ಇಳಿಯಿತು.
ಅಲ್ಲಿ ಸಿಗಡಿ ಹಿಡಿಯುತ್ತಿದ್ದ ಹುಡುಗರು
ಈಗ ಫುಟ್‌ಬಾಲ್ ಆಡುತ್ತಾರೆ.

ತಪಾಸಣೆಗೆ ಬಂದವನು ಒಳ್ಳೆಯ ಹುಡುಗ.
ಅಮ್ಮ ಕೊಟ್ಟ ಬೀನ್ಸ್ ಪೂರ್ತಿ ತಿಂದ.
ಅವನ ಹಾಳೆಯಲ್ಲಿ ಆಲ್ಕೋಹಾಲಿಗೆ ಅಂಕಣವಿತ್ತು,
ಸೀಸೆಯ ಗಾಜಿಗಿತ್ತು, ಬಿರಡೆಗೂ ಇತ್ತು.
"ಹೊಳೆಗೆ?" ಅಂದೆ.
ಹಾಳೆ ಮಗುಚಿ ನೋಡಿದ.
ಹಿಂಬದಿ ಖಾಲಿ.

ತೊಬಲಾ ಎಂಬ ಈ ಕುಳ್ಳ ಕತ್ತಾಳೆ
ಬುಡದಲ್ಲಿ ಮರಿ ಹಾಕುವ ಜಾತಿಯದಲ್ಲ.
ಬೀಜದಿಂದಲೇ ಬರಬೇಕು. ಬೀಜಕ್ಕೆ ಹೂ ಬೇಕು.
ಹೂವಿಗೆ ಹದಿಮೂರು ವರ್ಷ ಬೇಕು.
ಸರಿಯಾಗಿ ಅದೇ ಹೊತ್ತಿಗೆ,
ಸಿಹಿಯೆಲ್ಲ ಗಡ್ಡೆಗಿಳಿದು ಕಂಬ ಏಳಬೇಕೆನ್ನುವ ಮೊದಲು,
ನಾವು ಹಾರೆ ಹಿಡಿದು ಬರುತ್ತೇವೆ.
ಗಿಡಕ್ಕೊಂದು ಸೀಸೆ.
ಹೂವೆದ್ದರೆ ಸೀಸೆಯಿಲ್ಲ, ಸಿಹಿ ಆಕಾಶದ ಪಾಲು.

ಈ ಸಲ ಅಪ್ಪ ಹನ್ನೆರಡನ್ನು ಬಿಟ್ಟ.
ಕೇಳಿದರೆ, "ಮೊಣಕಾಲು ನೋವು."
ಹನ್ನೆರಡೂ ದಾರಿಯ ಬದಿಯಲ್ಲೇ ಇದ್ದವು.

ಕತ್ತಾಳೆಗೆ ಕತ್ತಲೆಯೇ ಹಗಲು.
ಕಾಯುತ್ತ ಕೂತೆವು, ಅಪ್ಪ, ನಾನು, ನಾಯಿ.
ಕಂಬದ ತುದಿಯಿಂದ ಮಾಗಿದ ಕಲ್ಲಂಗಡಿಯ ವಾಸನೆ.
ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಕಿವಿಯ ಪಕ್ಕ
ಯಾರೋ ಒದ್ದೆ ಬಟ್ಟೆ ಕೊಡವಿದ ಹಾಗೆ.
ಬಾವಲಿ!
ಆಚೆ ದಡದ ಗವಿಯಿಂದ, ಹೆಸರಿಲ್ಲದ ಸೀಮೆಯಿಂದ
ಹೆಸರಿದ್ದ ಸೀಮೆಗೆ, ಮೂತಿಗೆಲ್ಲ ಹಳದಿ ಮೆತ್ತಿಕೊಂಡು
ಈ ಕಂಬಕ್ಕೆ ಅರೆ ಉಸಿರು, ಆ ಕಂಬಕ್ಕೆ ಅರೆ ಉಸಿರು.
ಅಪ್ಪ ಟೋಪಿ ತೆಗೆದ,
ಸೆಕೆಗೋ, ಬೇರೆ ಯಾವುದಕ್ಕೋ.

ವರ್ಷದ ಕೊನೆಗೆ ಫಾರಂ.
ಪಡೆದದ್ದು ಮುನ್ನೂರು, ಅಂಟಿಸಿದ್ದು ಇನ್ನೂರ ಎಂಬತ್ತೆಂಟು.
ಉಳಿಕೆಗೆ ಕಾರಣ: ಸೀಸೆ ಒಡೆದಿದೆ, ಕಳುವಾಗಿದೆ, ಮುದ್ರಣದೋಷ.
ಒಂದಕ್ಕೆ ಗುರುತು ಹಾಕಿ.
ನಾನು ಅಂಚಿನಲ್ಲಿ ಬರೆದೆ: ಹೂ ಬಿಟ್ಟವು.
ಕೆಂಪು ಮಸಿ ಹೊತ್ತು ವಾಪಸು ಬಂತು:
ಕಾರಣ ಅಂಗೀಕಾರಾರ್ಹವಲ್ಲ.

ಚೀಟಿಗಳು ಜೋಳದ ಹಿಟ್ಟಿನ ಡಬ್ಬಿಯ ಹಿಂದಿವೆ.
"ನನಗೆ ಕೊಟ್ಟುಬಿಡೇ," ಅಂದಳು ಅತ್ತೆ, ಪೂರ್ತಿ ತಮಾಷೆಗಲ್ಲ.
ಕೊಡಲಿಲ್ಲ. ಹೆದರಿಕೆ.
ಕಾಯಿ ಒಡೆದ ಮೇಲೆ ಅಪ್ಪ ಟೋಪಿ ತುಂಬ ಬೀಜ ತಂದ,
ಕಪ್ಪಗೆ, ಉಗುರಿನಷ್ಟು ತೆಳ್ಳಗೆ.
ಅರ್ಧ ನಮ್ಮ ಕುಳಿಗಳಿಗೆ.
ಅರ್ಧ ಅತ್ತೆಯ ಶಾಲಿನ ತುದಿಗೆ.
ಗಂಟು ಬಿಗಿದು, ಚಪ್ಪಲಿ ಕೈಯಲ್ಲಿ ಹಿಡಿದು
ಅವಳು ಹೊಳೆಗಿಳಿದಳು.
ನೀರು ಇನ್ನೂ ಕಂದೇ ಇತ್ತು.