ಸೆಕೆಂಡಿಗೆ ಮೂರು

ನಾರಿನ್ ಊರಾಚೆಯ ಭೂಕಂಪ ಠಾಣೆಯಲ್ಲಿ
ಕಂಪ್ಯೂಟರು ಒಂದೇ. ಅದರ ನೆತ್ತಿಯ ಮೇಲೆ
ಯಾರದೋ ಚಹಾ ಲೋಟದ ಕಂದು ಉಂಗುರ,
ಒಳಗೆ ನಲವತ್ತು ಗಿಗಾಬೈಟಿನ ಡಿಸ್ಕು,
ಫ್ಯಾನಿನ ರೆಕ್ಕೆಗೆ ಕುರಿಯುಣ್ಣೆಯ ಎಳೆ.
ಇಲ್ಲಿ ಅದು ಎಲ್ಲದಕ್ಕೂ ಸುತ್ತಿಕೊಳ್ಳುತ್ತದೆ.

ಸಾತಿಬಾಲ್ದಿ ಬಾಯ್ಕೆ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಬೂರುಲ್, ಗೆರೆ ತುಂಡಾಗುತ್ತಿದೆ."

ಹೋದೆ. ತೋರಿಸಿದರು.
ನೆಲದ ನಡುಕ ಬರೆಯುವ ಹಸಿರು ಗೆರೆ
ಓಡುತ್ತ ಓಡುತ್ತ, ತಿಂಗಳ ಕಡತ
ನಕಲಾಗುವ ಹೊತ್ತಿಗೆ ಸರಿಯಾಗಿ
ಹನ್ನೊಂದು ಸೆಕೆಂಡು ಇಲ್ಲವೇ ಇಲ್ಲ.
ಬೆಟ್ಟ ಆಗ ಉಸಿರು ಹಿಡಿದಿತ್ತೋ
ಮಗ್ಗುಲು ಬದಲಿಸಿತೋ, ಹೇಳುವವರು ಯಾರು?
"ಕಾವಲಿನವನು ನಿದ್ದೆ ಹೋಗಿದ್ದಾನೆ ಅಂತ
ಬಿಶ್ಕೆಕ್‌ನಿಂದ ಕಾಗದ ಬಂದಿದೆ," ಅಂದರು,
ಒಲೆಗೆ ಕಲ್ಲಿದ್ದಲು ನೂಕುತ್ತ, ನನ್ನ ಕಡೆ ನೋಡದೆ.

ವೇಗ ಅಳೆದೆ. ಒಮ್ಮೆ ಕೇಳಿದರೆ ಸಾಲದು,
ಈಗಷ್ಟೇ ಓದಿದ್ದನ್ನು ನೆನಪಿನಿಂದ ಒಪ್ಪಿಸಿ
ಜಾಣನಾಗಿಬಿಡುವುದುಂಟು ಯಂತ್ರ.
ನೆನಪು ಅಳಿಸಿ ಅಳಿಸಿ ಮೂರು ಸಲ ಕೇಳಿದೆ.
ಮೂರು ಸಲವೂ ಅದೇ ಉತ್ತರ: ಸೆಕೆಂಡಿಗೆ ಮೂರು.
ಮೂರು ಮೆಗಾಬೈಟು!
ಐವತ್ತು ಓಡಬಲ್ಲ ಕಾಲು.

"ವಯಸ್ಸಾಯಿತು ಅದಕ್ಕೆ," ಅಂದರು ಬಾಯ್ಕೆ
ತಮ್ಮ ಮಂಡಿ ನೀವಿಕೊಳ್ಳುತ್ತ.
ವಯಸ್ಸಿನ ತಲೆಗೆ ಕಟ್ಟಿಬಿಟ್ಟರೆ
ಎಷ್ಟೋ ಹುಡುಕಾಟ ಉಳಿಯುತ್ತದೆ, ನಿಜ.

ಡಿಸ್ಕಿನಿಂದ ಮೆಮೊರಿಗೆ ನೇರ ದಾರಿಯೊಂದಿದೆ.
ಅದು ಮುಚ್ಚಿತ್ತು. ಒಂದೊಂದು ತುತ್ತನ್ನೂ
ಪ್ರೊಸೆಸರೇ ಬೊಗಸೆಯಲ್ಲಿ ಹೊತ್ತು ದಾಟಿಸುತ್ತಿತ್ತು;
ಅಷ್ಟು ಹೊತ್ತು ಬೆಟ್ಟದ ಕಡೆ ಕಿವಿಯಿಲ್ಲ.
ದಾರಿ ತೆರೆ ಎಂದು ಒಂದು ಸಾಲು ಬರೆದೆ.
ತೆರೆಯಿತು. ನಾಲ್ಕು ನಿಮಿಷ.
ಆಮೇಲೆ ತಪ್ಪು, ಮತ್ತೆ ಓದು,
ತಪ್ಪು, ಮತ್ತೆ ಓದು, ಕೊನೆಗೆ ತಾನೇ
ಕದವೆಳೆದುಕೊಂಡು ಹಳೇ ನಡಿಗೆಗೆ ಇಳಿಯಿತು.
ನಾನದನ್ನು ಸೋಮಾರಿ ಎಂದುಕೊಂಡಿದ್ದೆ.
ಬೇಗ ಹೇಳಿದರೆ ತಪ್ಪಾಗುತ್ತೆ ಅಂತ
ನಿಧಾನಕ್ಕೆ ಹೇಳುತ್ತಿತ್ತು, ಪಾಪ.

ಕೇಬಲ್ಲು ಬಿಚ್ಚಿದೆ. ಬೂದು ಪಟ್ಟಿ, ಅಂಚಿಗೆ ಕೆಂಪು.
ಉಗುರಿನಿಂದ ಎಣಿಸಿದರೆ ನಲವತ್ತು ತಂತಿ,
ಒತ್ತೊತ್ತಾಗಿ, ಸಂತೆಯ ಹಾಗೆ.
ಓಡುವಾಗ ಒಂದರ ಮಾತು ಇನ್ನೊಂದರ ಬಾಯಿಗೆ.

ಎಂಬತ್ತರದ್ದು ಬೇಕು. ಶಾಲೆಯ ಗುಜರಿ ಕೋಣೆಯಲ್ಲಿ
ಧ್ರುವ ಕಳೆದುಕೊಂಡ ಗ್ಲೋಬಿನ ಕೆಳಗೆ ಒಂದು ಸಿಕ್ಕಿತು.
ಕೀಲಿ ಕೊಟ್ಟ ಗಣಿತದ ಟೀಚರು ಕಾಲಿಪಾ
ಬಿಡದೆ ತಮ್ಮ ಪ್ರಿಂಟರನ್ನೂ ನೋಡಿಸಿಕೊಂಡರು.
ನೀಲಿ ತುದಿ ಬೋರ್ಡಿಗೆ, ಕಪ್ಪು ತುದಿ ಡಿಸ್ಕಿಗೆ.

"ಹೆಚ್ಚಿನ ನಲವತ್ತು ಏನು ಹೊರುತ್ತವೆ?"
ಏನೂ ಇಲ್ಲ, ಬಾಯ್ಕೆ. ಮಾತಾಡುವ ಎರಡರ ನಡುವೆ
ಒಂದೊಂದು, ನೆಲಕ್ಕೆ ಕಟ್ಟಿಕೊಂಡು ಸುಮ್ಮನಿರುತ್ತವೆ.
"ಸಂಬಳ?" ಅಂದರು. ನಗಲಿಲ್ಲ.
ಇಪ್ಪತ್ತಾರು ಚಳಿಗಾಲ ಈ ಕುರ್ಚಿಯಲ್ಲಿ
ಊರಿಗೂ ಬೆಟ್ಟಕ್ಕೂ ನಡುವೆ ಕೂತವರು.

ಮತ್ತೆ ಅಳೆದೆ.
ಐವತ್ತೊಂದು. ಐವತ್ತೊಂದು. ನಲವತ್ತೊಂಬತ್ತು.
ಆ ಕಡೆಯದು ಯಾಕೆ ಇಳಿಯಿತೋ ತಿಳಿಯದು.
ಹುಡುಕಬಹುದಿತ್ತು; ಚಹಾ ಬಂತು.

ರಾತ್ರಿ ತಿಂಗಳ ನಕಲು ಹಚ್ಚಿದೆವು.
ಹಸಿರು ಗೆರೆ ಎಲ್ಲೂ ಕಡಿಯದೆ ಹರಿದು
ಹನ್ನೊಂದೂ ನಲವತ್ತಕ್ಕೆ ಸ್ವಲ್ಪ ಅದುರಿತು.
ಕಿಟಕಿಯಾಚೆ ಕಲ್ಲಿದ್ದಲ ಲಾರಿ.
ಬಾಯ್ಕೆ ಕನ್ನಡಕ ಏರಿಸಿ ದಫ್ತರ ತೆಗೆದರು,
ಪೆನ್ಸಿಲು ನಾಲಿಗೆಗೆ ತಾಗಿಸಿ ಬರೆದರು:
ಲಾರಿ. ಎಡದ ಒಂದು ದೀಪ ಇಲ್ಲ.
ನೋಡಿದವನು, ನಾನು.